ಅರಳೆಯ ಬಾಚಣಿಗೆ

ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೆಯ ರವಿಕೆ ಕಣಗಳ ನಡುವೆ, ನಿನ್ನೆ ಸಂಜೆ ಒಂದು ಮರದ ಬಾಚಣಿಗೆ ಸಿಕ್ಕಿತು. ಸಿಕ್ಕಿತು ಎಂದರೆ ಸುಳ್ಳಾಗುತ್ತದೆ. ಹುಡುಕಿ ತೆಗೆದೆ. ಅದು ಎಲ್ಲಿದೆಯೆಂದು ನನಗೆ ಯಾವತ್ತೂ ಗೊತ್ತಿತ್ತು. ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಒತ್ತು ಹಲ್ಲು. ಒತ್ತು ಹಲ್ಲಿನ ಬುಡದಲ್ಲಿ ಒಂದು ಬಿಳಿಯ ಎಳೆ ಇನ್ನೂ ಸಿಕ್ಕಿಕೊಂಡಿದೆ. ಅದು ನನ್ನ ಕೂದಲಲ್ಲ. ನನ್ನ ತಲೆಯೂ ಈಗ ಪೂರ್ತಿ ಬೆಳ್ಳಗಾಗಿರುವುದರಿಂದ ಈ ಮಾತನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲ. ನೀವಾದರೂ ನಂಬಿ. ಮೂಗಿನ ಹತ್ತಿರ ಹಿಡಿದರೆ ಹಳಸಿದ ಕೊಬ್ಬರಿ ಎಣ್ಣೆಯ ವಾಸನೆ, ಅದರ ಹಿಂದೆ ಇನ್ನೂ ಒಂದು ವಾಸನೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ಹುಡುಕಲು ಕಾರಣ ಎದುರುಮನೆಯ ಕಾವ್ಯ. ಮಂಡ್ಯದ ನಮ್ಮ ಬೀದಿಗೆ ಬಂದು ವರ್ಷವಾಗಿರಬಹುದು. ಬ್ಯಾಂಕಿನಲ್ಲಿ ಕೆಲಸ, ಒಳ್ಳೆಯ ಹುಡುಗಿ. ಅವಳದೊಂದು ಬಿಳಿಯ ಪಾಮೇರಿಯನ್ ನಾಯಿ ಇದೆ, ಹೆಸರು ಮುತ್ತು. ನಿನ್ನೆ ಗೇಟಿನ ಹತ್ತಿರ ನಿಂತು ಹೇಳಿದಳು: "ಈ ಸೆಕೆಗೆ ಪಾಪ ಅನ್ಸುತ್ತೆ ಆಂಟಿ. ನಾಳೆ ಬೆಳಿಗ್ಗೆ ಮೆಷಿನ್ ತಗೊಂಡು ಒಬ್ರು ಬರ್ತಾರೆ. ಪೂರ್ತಿ ಬೋಳಿಸಿಬಿಡ್ತೀನಿ."

ನಾನು "ಹೌದಾ" ಎಂದೆ. ಅಷ್ಟೇ ಎಂದೆ. ಒಳಗೆ ಬಂದು ನೇರ ಬೀರುವಿನ ಮುಂದೆ ಕೂತೆ.

ಬರಿಯ ನಾಯಿಯ ವಿಷಯ, ಇದಕ್ಕೂ ಕಾಗದ ಖರ್ಚು ಮಾಡಬೇಕೇ ಎನ್ನುವವರಿದ್ದಾರೆ. ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ. ಅವರು ಎದ್ದು ಹೋಗಬಹುದು. ನೀವು ಕೂತಿರಿ.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಮದ್ದೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ನಮ್ಮೂರು ದುದ್ದದಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಆಗದು ಎಂದು, ಅದೇ ಶಾಲೆಯ ಹೊಲಿಗೆ ಟೀಚರ್ ಚಿಕ್ಕತಾಯಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ನನ್ನನ್ನು ಇಳಿಸಿ ಹೋದರು. ಹೋಗುವಾಗ ಹೊಸಲಿನ ಮೇಲೆ ಮಲಗಿದ್ದುದನ್ನು ಕಂಡು ಒಂದು ಗಳಿಗೆ ನಿಂತರು. "ಇದೇನವ್ವ, ಕುರಿಮರಿನ ಮನೆ ಒಳಕ್ಕೆ ಬುಟ್ಕಂಡಿದ್ದೀರಿ?" ಎಂದರು. ಕುರಿಮರಿ ಎದ್ದು ಬೊಗಳಿತು. ಅಪ್ಪ ಎರಡು ಮೆಟ್ಟಿಲು ಹಿಂದಕ್ಕೆ ಹಾರಿದರು. ನಮ್ಮೂರಲ್ಲಿ ನಾಯಿಯೆಂದರೆ ಹಟ್ಟಿಯ ಆಚೆ ಇರುವ ಪ್ರಾಣಿ. ತಂಗಳು ಹಾಕಿದರೆ ತಿನ್ನುತ್ತದೆ, ಕಲ್ಲು ತೋರಿದರೆ ಓಡುತ್ತದೆ. ಹೊಸಲಿನ ಮೇಲೆ ಮಲಗಿ ಬಂದವರ ಯೋಗ್ಯತೆ ಅಳೆಯುವ ನಾಯಿಯನ್ನು ಅಪ್ಪನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಅದರ ಹೆಸರು ಅರಳೆ. ಮಂಡ್ಯದ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಇಂಜಿನಿಯರ ಹೆಂಡತಿ ವರ್ಗವಾಗಿ ಹೋಗುವಾಗ, ತನಗೆ ರವಿಕೆ ಹೊಲಿದುಕೊಡುತ್ತಿದ್ದ ಚಿಕ್ಕತಾಯಮ್ಮನವರ ಮಡಿಲಿಗೆ ಹಾಕಿ ಹೋದ ಮರಿಯಂತೆ. ತೂಕ ಹೆಚ್ಚೆಂದರೆ ಎರಡು ಸೇರು ರಾಗಿಯಷ್ಟು ಇರಬಹುದು ಎಂದುಕೊಂಡು ಎತ್ತಿದರೆ ಅದಕ್ಕೂ ಕಡಿಮೆ. ಕಾಣುವುದೆಲ್ಲ ಕೂದಲೇ. ನರಿಯ ಹಾಗೆ ಚೂಪು ಮೂತಿ, ಕರಿಯ ಗುಂಡಿ ಹೊಲಿದ ಹಾಗೆ ಎರಡು ಕಣ್ಣು, ಬೆನ್ನ ಮೇಲೆ ಸುರುಳಿಯಾಗಿ ಬಿದ್ದ ಬಾಲ. ಊರೆಲ್ಲ ಅದನ್ನು ಉಣ್ಣೆನಾಯಿ ಎನ್ನುತ್ತಿತ್ತು.

ಅದರ ಗುಣ ಹೇಳಬೇಕು. ಒಬ್ಬರನ್ನೇ ಹಿಡಿದುಕೊಳ್ಳುವ ಜಾತಿ. ಚಿಕ್ಕತಾಯಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಅದು ಪೆಡಲಿನ ಪಕ್ಕ. ಅವರು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ. ಗಾತ್ರಕ್ಕೂ ಧೈರ್ಯಕ್ಕೂ ಸಂಬಂಧವೇ ಇಲ್ಲ. ಎತ್ತಿನ ಗಾಡಿಗೂ ಬೊಗಳುತ್ತಿತ್ತು, ಪೋಸ್ಟ್‌ಮನ್ನಿಗೂ ಬೊಗಳುತ್ತಿತ್ತು, ಮೈಸೂರಿನ ರೈಲು ಕೂಗಿದರೆ ಅದಕ್ಕೂ ಉತ್ತರ ಕೊಡುತ್ತಿತ್ತು. ಬೈದರೆ ಎರಡು ದಿನ ಮುನಿಸು.

ಇನ್ನು ಅದರ ಆರೈಕೆ. ಮೊಸರನ್ನ, ಒಂದು ದಿನ ಬಿಟ್ಟು ಒಂದು ದಿನ ಬೇಯಿಸಿದ ಮೊಟ್ಟೆ. ಬೆಲ್ಲ ಕೂಡದು, ಕೋಳಿಯ ಮೂಳೆ ಕೂಡದು. ಸ್ನಾನ ತಿಂಗಳಿಗೊಮ್ಮೆ ಸಾಕು. ಒದ್ದೆ ಬಟ್ಟೆಯಿಂದ ಕಣ್ಣಿನ ಮೂಲೆ ದಿನವೂ ಒರೆಸಬೇಕು. ಬೇಸಿಗೆಯಲ್ಲಿ ಮಧ್ಯಾಹ್ನ ಒದ್ದೆ ಗೋಣಿತಾಟು ಹಾಸಬೇಕು, ಪಕ್ಕದಲ್ಲಿ ಮಣ್ಣಿನ ಬೋಗುಣಿಯಲ್ಲಿ ನೀರು. ದಿನಾ ಬೆಳಿಗ್ಗೆ ಬಾಚಬೇಕು. ಮೊದಲು ಅಗಲ ಹಲ್ಲಿನಿಂದ ಕೂದಲಿಗೆ ಎದುರಾಗಿ, ಆಮೇಲೆ ಒತ್ತು ಹಲ್ಲಿನಿಂದ ಕೂದಲು ಬಿದ್ದ ಕಡೆಗೆ. "ಇದು ಎರಡು ಪದರ ಕಣವ್ವ," ಎಂದು ಚಿಕ್ಕತಾಯಮ್ಮ ಕೂದಲನ್ನು ಬೈತಲೆ ತೆಗೆದು ತೋರಿಸುತ್ತಿದ್ದರು. "ಮೇಲಿಂದು ಉದ್ದ, ಒರಟು. ಒಳಗಿಂದು ಅಸ್ತರು, ಕೋಟಿನ ಒಳಬಟ್ಟೆ ಇದ್ದಂಗೆ."

ಬಂದವರಿಗೆಲ್ಲ ಅವರು ಇದನ್ನು ಹೀಗೆಯೇ ವಿವರಿಸುತ್ತಿದ್ದರು. ಬಂದವರಿಗೆ ಅದು ಬೇಕಿರಲಿಲ್ಲ. ಅವರಿಗೆ ಬೇಕಾದ್ದು ಬೇರೆ. ಚಿಕ್ಕತಾಯಮ್ಮನವರಿಗೆ ಗಂಡ ತೀರಿಕೊಂಡಿದ್ದರು, ಮಕ್ಕಳಾಗಿರಲಿಲ್ಲ. ಪಕ್ಕದ ಮನೆಯ ಜಯಮ್ಮ ನಲ್ಲಿಯ ಹತ್ತಿರ, ಅವರಿಗೆ ಕೇಳಲೆಂದೇ ಒಮ್ಮೆ ಅಂದಳು: "ಮಕ್ಳಿಲ್ದೋರು ನಾಯಿ ಸಾಕ್ಕಂಡು ಆಸೆ ತೀರುಸ್ಕೋತಾರೆ."

ಚಿಕ್ಕತಾಯಮ್ಮ ಕೊಡದಿಂದ ಕಣ್ಣೆತ್ತಲಿಲ್ಲ. "ಮಕ್ಳಿರೋರು ಮಕ್ಳುನ್ನ ಎಂಗೆ ಸಾಕವ್ರೆ ಅಂತಾನೂ ನೋಡಿವ್ನಿ ಬುಡವ್ವ. ನನ್ ನಾಯಿ ವಾಸಿ, ಸಾಲೇಲಿ ಪೆನ್ಸಿಲ್ ಕದಿಯಾಕಿಲ್ಲ."

ಜಯಮ್ಮನ ಮಗಳು ನನ್ನ ಕ್ಲಾಸಿನವಳು. ನಾನು ತಲೆ ತಗ್ಗಿಸಿ ಕೊಡ ತೊಳೆದೆ. ಆ ಕಾಲದಲ್ಲಿ ನಾನು ತಲೆ ತಗ್ಗಿಸುವುದರಲ್ಲಿ ಗಟ್ಟಿಗಿತ್ತಿ. ಯಾರು ಏನು ಕೇಳಿದರೂ ಮೊದಲು ನೆಲ ನೋಡುತ್ತಿದ್ದೆ, ಅಲ್ಲಿ ಉತ್ತರ ಬರೆದಿರುವ ಹಾಗೆ.

ಯುಗಾದಿ ಮುಗಿದು ಬಿಸಿಲು ಏರಿದ ಹೊತ್ತಿಗೆ, ಮಳವಳ್ಳಿಯಲ್ಲಿ ತಂಗಿಯ ಮಗಳಿಗೆ ಹೆರಿಗೆಯಾಯಿತೆಂದು ಚಿಕ್ಕತಾಯಮ್ಮ ನಾಲ್ಕು ದಿನಕ್ಕೆ ಹೊರಟರು. ಶಾಲೆಗೆ ರಜೆ ಇತ್ತು. ಅರಳೆಯನ್ನು ನನಗೆ ಒಪ್ಪಿಸಿ, ಮೊಸರನ್ನದಿಂದ ಗೋಣಿತಾಟಿನವರೆಗೆ ಎಲ್ಲವನ್ನೂ ಎರಡು ಸಲ ಹೇಳಿ, ಬಸ್ಸು ಹತ್ತಿದರು. ಒಂದನ್ನು ಮಾತ್ರ ಹೇಳಲಿಲ್ಲ. ಯಾರಾದರೂ ಹಾಗೆ ಮಾಡಿಯಾರೆಂದು ಅವರಿಗೆ ಹೊಳೆದೇ ಇರಲಿಲ್ಲ.

ಅರಳೆ ಹಗಲೆಲ್ಲ ನಾಲಿಗೆ ಚಾಚಿ ಏದುತ್ತಿತ್ತು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಹೀಗೆ ಏದಿ ಎಂಬುದು ನನಗೆ ಗೊತ್ತಿರಲಿಲ್ಲ. ನನಗೆ ಕಂಡದ್ದು ಇಷ್ಟೇ: ಈ ಸುಡುಬಿಸಿಲಿನಲ್ಲಿ ಒಂದು ಪ್ರಾಣಿ ಕಂಬಳಿ ಹೊದ್ದು ಕೂತಿದೆ, ನಾವು ನೋಡುತ್ತಾ ಕೂತಿದ್ದೇವೆ. ಶಿಂಷಾ ಹೊಳೆಯ ಕಡೆಯ ಕೊಯ್ದ ಗದ್ದೆಯಲ್ಲಿ ಆಗ ಕುರಿಮಂದೆ ಬಿಟ್ಟಿದ್ದರು. ಅಲ್ಲಿ ಉಣ್ಣೆ ಕತ್ತರಿಸುತ್ತಿದ್ದುದನ್ನು ಹಿಂದಿನ ದಿನ ಕಂಡಿದ್ದೆ. ಕತ್ತರಿಸಿಕೊಂಡ ಕುರಿ ಎದ್ದು ಮೈ ಕೊಡವಿ ಹಗುರಾಗಿ ಓಡುತ್ತಿತ್ತು. ದುದ್ದದ ಹೊಲದ ಮಗಳಿಗೆ ಇದಕ್ಕಿಂತ ಸರಳ ಲೆಕ್ಕ ಯಾವುದು? ಅರಳೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ.

ಕುರಿಯವನು ವಯಸ್ಸಾದವನು. ನಾಯಿಯನ್ನು ನೋಡಿದ, ನನ್ನನ್ನು ನೋಡಿದ, ಕತ್ತರಿ ಕೆಳಗಿಟ್ಟ.

"ಇದು ಕುರಿ ಅಲ್ವಲ್ಲವ್ವ."

"ಕೂದಲು ಕೂದಲೇ ಅಲ್ಲವಾ? ಸೆಕೆ ತಡೀಲಾರದೆ ಒದ್ದಾಡ್ತಾ ಇದೆ."

"ಕುರಿಗಾದ್ರೆ ತಿರುಗ ಬೆಳೀತದೆ ಅಂತ ಗೊತ್ತು. ಇದುಕ್ಕೆ ಎಂಗೋ ಏನೋ, ನಮ್ಮಪ್ಪನ ಕಾಲದಿಂದ್ಲೂ ನಾಯಿ ಮೈಗೆ ಕತ್ರಿ ಆಕಿಲ್ಲ. ಬ್ಯಾಡ ಕಣವ್ವ."

"ನಾನು ಟೀಚರು. ನನಗೆ ಗೊತ್ತಿದೆ, ಕತ್ತರಿಸಿ" ಎಂದೆ.

ನನ್ನ ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ತಲೆ ತಗ್ಗಿಸುವವರು ಒಮ್ಮೊಮ್ಮೆ ಹೀಗೆ, ಬೇಡದ ಕಡೆ ತಲೆ ಎತ್ತುತ್ತಾರೆ. ಅವನು ಕತ್ತರಿಸಿದ. ಅರಳೆ ಒದ್ದಾಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿತ್ತು. ಕೊನೆಗೆ ಉಳಿದದ್ದು ಇಲಿಯಷ್ಟು ತೆಳ್ಳಗಿನ, ತಿಳಿಗುಲಾಬಿ ಬಣ್ಣದ ಒಂದು ಮೈ. ಮುಖ ಮಾತ್ರ ಹಳೆಯದು, ಯಾರದೋ ತಲೆಯನ್ನು ಇನ್ಯಾರದೋ ಮೈಗೆ ಹೊಲಿದ ಹಾಗೆ. ಅದು ಮೈ ಕೊಡವಿ ಓಡಲಿಲ್ಲ. ನಿಂತಲ್ಲೇ ಬಾಲವನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡಿತು.

ಎರಡನೆಯ ದಿನ ಅಭ್ಯಾಸದಂತೆ ಹೊಸಲಿನ ಬಿಸಿಲಿಗೆ ಮಲಗಿತು. ಸಂಜೆಗೆ ಬೆನ್ನು ಕೆಂಪಾಗಿತ್ತು. ಮೂರನೆಯ ದಿನ ಬೊಬ್ಬೆ ಎದ್ದವು. ಅದು ಮಂಚದ ಕೆಳಗಿನ ಕತ್ತಲು ಹೊಕ್ಕಿತು. ನೀರು ಮುಟ್ಟಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬಿಸಿಲಿಗೂ ಮಳೆಗೂ ಒಂದೇ ಕಂಬಳಿ ಹೊದೆಯುವ ಜನರ ನಡುವೆ ಬೆಳೆದವಳು ನಾನು. ಹೊದಿಕೆ ಹೊರಗಿನ ಶಾಖವನ್ನೂ ತಡೆಯುತ್ತದೆ ಎಂಬುದು ನನಗೆ ಆ ಮೂರು ದಿನ ಹೊಳೆಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮರೀಗೌಡರು ಬಂದರು. ಬೀದಿಯ ಹಿರಿಯರು, ಅಕ್ಕಿ ಗಿರಣಿಯವರು. ನಮ್ಮ ಜಗಲಿಯಲ್ಲಿ ಕೂತು ಪೇಪರು ಓದುವುದು, ಓದುತ್ತಾ ಅರಳೆಯ ಬೆನ್ನು ತಟ್ಟುವುದು ಅವರ ರೂಢಿ. ಅವತ್ತು ದನಿ ಕೇಳಿ ಅರಳೆ ತೆವಳಿಕೊಂಡು ಹೊರಗೆ ಬಂತು. "ಇದೇನ್ಲಾ ಇದು, ಕೋಳಿ ಪುಕ್ಕ ಕಿತ್ತಂಗಾಗದೆ!" ಎಂದು ಗೌಡರು ನಕ್ಕು, ತಮ್ಮ ಅಗಲ ಅಂಗೈಯಿಂದ ಅದರ ಬೆನ್ನಿಗೆ ಎಂದಿನಂತೆ ಬಡಿದರು. ಬೊಬ್ಬೆಯ ಮೇಲೆಯೇ ಬಿತ್ತು. ಅರಳೆ ಕಿರುಚಿ ಹೆಬ್ಬೆರಳ ಬುಡಕ್ಕೆ ಹಲ್ಲು ಹಾಕಿತು. ರಕ್ತ ಪೇಪರಿನ ಮೇಲೆ ತೊಟ್ಟಿಕ್ಕಿತು. ಈ ಕ್ರಮದಲ್ಲೇ ಆಯಿತು: ಮೊದಲು ಏಟು, ಆಮೇಲೆ ಕಿರುಚು, ಆಮೇಲೆ ಹಲ್ಲು. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದೆ.

ಅದೇ ತಿಂಗಳು ಪೇಟೆಯಲ್ಲಿ ಒಂದು ಹುಚ್ಚುನಾಯಿಯನ್ನು ಹೊಡೆದು ಹಾಕಿದ್ದರು. ಹೆದರಿಕೆ ಇನ್ನೂ ಆರಿರಲಿಲ್ಲ. ಗಳಿಗೆಯಲ್ಲಿ ಇಪ್ಪತ್ತು ಜನ ಸೇರಿದರು. ಜೊಲ್ಲು ನೋಡಿದರು, ಕತ್ತಲಲ್ಲಿ ಕೂರುತ್ತಿದೆ ಎಂದರು, ಮುಟ್ಟದೆ ಬಿಟ್ಟ ನೀರಿನ ಬೋಗುಣಿಯನ್ನು ಕಂಡು ನೀರಿಗೆ ಹೆದರುತ್ತಿದೆ ಎಂದರು. "ನೋಡ್ರಲಾ, ಕೂದ್ಲೆಲ್ಲಾ ಉದ್ರೋಗದೆ! ಹುಚ್ಚು ನೆತ್ತಿಗೇರಿದ್ರೆ ಇಂಗೇಯಾ" ಎಂದಳು ಜಯಮ್ಮ. ಎಲ್ಲರೂ ಹೌದು ಹೌದು ಎಂದರು. ಯಾರೋ ದೊಣ್ಣೆ ತಂದರು.

ಒಂದು ಮಾತು ಸಾಕಿತ್ತು. ಉದುರಿಲ್ಲ, ನಾನು ಕತ್ತರಿಸಿದೆ. ಮೂರು ಪದ. ನಾನು ನೆಲ ನೋಡಿದೆ. ಹೇಳಿದರೆ ಕೆಲಸ ಹೋದೀತೆಂದೋ, ಗೌಡರು ಸಿಟ್ಟಾದಾರೆಂದೋ, ದುದ್ದಕ್ಕೆ ಸುದ್ದಿ ಮುಟ್ಟೀತೆಂದೋ. ಈಗ ಯಾವ ಕಾರಣ ಬೇಕಾದರೂ ಕೊಡಬಲ್ಲೆ. ಆಗ ಯಾವುದೂ ಇರಲಿಲ್ಲ, ಬಾಯಿ ಬರಲಿಲ್ಲ ಅಷ್ಟೇ. ಅರಳೆ ನನ್ನ ಕಾಲುಗಳ ನಡುವೆ ಬಂದು ನಿಂತು ನಡುಗುತ್ತಿತ್ತು.

ಮಳವಳ್ಳಿಯ ಬಸ್ಸು ಇಳಿದು ಬೀದಿಯ ತಿರುವಿನಲ್ಲಿ ಚಿಕ್ಕತಾಯಮ್ಮ ಬಂದದ್ದು ಆಗ. ಗುಂಪು, ದೊಣ್ಣೆ, ಗೌಡರ ಕೈಯ ರಕ್ತ, ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿದರು. ಚೀಲ ಕೆಳಗಿಟ್ಟು, ನನ್ನನ್ನೂ ಅರಳೆಯನ್ನೂ ಬೆನ್ನಿಗೆ ಹಾಕಿಕೊಂಡು ಹೊಸಲಿಗೆ ಅಡ್ಡ ನಿಂತರು. ಐದಡಿಯ ಹೆಂಗಸು.

"ದೊಣ್ಣೆ ಯಾರ್ದು? ಮನೆಗೆ ತಗೊಂಡೋಗು."

"ಹುಚ್ಚು ಹಿಡ್ದದೆ ಕಣಮ್ಮ! ಗೌಡ್ರುನ್ನ ಕಚ್ಬುಡ್ತು!"

"ಹುಚ್ಚೋ ಅಲ್ವೋ, ಹತ್ತು ದಿನ ಕಟ್ಟಾಕಿ ನೋಡೋದು. ಹುಚ್ಚಿದ್ರೆ ತಾನೇ ಸಾಯ್ತದೆ. ಇಲ್ದಿದ್ರೆ ಬದುಕ್ತದೆ. ಗೌಡ್ರೇ, ನಾಯಿ ಕೊಂದ್ಬುಟ್ರೆ ಹುಚ್ಚಿತ್ತೋ ಇಲ್ವೋ ನಿಮಗೆ ಗೊತ್ತಾಗೋದು ಎಂಗೆ? ಹೊಟ್ಟೆಗೆ ಹದ್ನಾಕು ಸೂಜಿ, ಹದ್ನಾಕೂ ಚುಚ್ಚುಸ್ಕೋಬೇಕು. ಬದುಕಿದ್ರೆ ಡಾಕ್ಟ್ರು ನಡುವೇಲೇ ನಿಲ್ಲುಸ್ತಾರೆ. ನಿಮ್ಮ ಹೊಟ್ಟೆ, ನಿಮ್ಮಿಷ್ಟ."

ಗೌಡರು ಹೊಟ್ಟೆ ಮುಟ್ಟಿ ನೋಡಿಕೊಂಡರು.

"ಕೂದ್ಲು ಉದ್ರೋಗದಲ್ಲ, ಅದುಕ್ಕೇನಂತೀಯೆ?" ಎಂದಳು ಜಯಮ್ಮ.

ಚಿಕ್ಕತಾಯಮ್ಮ ತಿರುಗಿ ಕೂತು ಅರಳೆಯ ಮೈಯನ್ನು ಮೊದಲ ಸಲ ಹತ್ತಿರದಿಂದ ನೋಡಿದರು. ಬೆರಳು ಬೊಬ್ಬೆಗೆ ತಾಗದಂತೆ ಪಕ್ಕೆಯ ಮೇಲೆ ಮೆಲ್ಲಗೆ ಓಡಿತು. ಸಾಲು ಸಾಲಾಗಿ ಮೆಟ್ಟಿಲು ಬಿದ್ದ ಗುರುತು. ಮೂವತ್ತು ವರ್ಷ ಕತ್ತರಿ ಹಿಡಿದವರಿಗೆ ಕತ್ತರಿಯ ಹೆಜ್ಜೆ ತಿಳಿಯದೇ? ಅವರ ಬೆರಳು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದರು. ಅವರೇ ಹೇಳಬಹುದಿತ್ತು. ಹೇಳಲಿಲ್ಲ.

"ಮನೇಲಿದ್ದೋಳು ನೀನು," ಎಂದರು. "ನೀನೇ ಹೇಳು."

ನೆಲದಲ್ಲಿ ಏನೂ ಬರೆದಿರಲಿಲ್ಲ. "ಉದುರಿದ್ದಲ್ಲ. ಕುರಿಯವರ ಹತ್ತಿರ ನಾನೇ ಕತ್ತರಿ ಹಾಕಿಸಿದೆ" ಎಂದೆ. ಮೊದಲ ಸಲ ಯಾರಿಗೂ ಕೇಳಲಿಲ್ಲ. ಎರಡನೆಯ ಸಲ ಕೂಗಿ ಹೇಳಿದೆ. ಬೊಬ್ಬೆ ಬಿಸಿಲಿಗೆ ಎದ್ದದ್ದು, ಗೌಡರ ಏಟು ಅದರ ಮೇಲೆ ಬಿದ್ದದ್ದು, ಆಮೇಲೆ ಕಚ್ಚಿದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಗುಂಪಿನಲ್ಲಿ ಒಬ್ಬ ನಕ್ಕ. "ಟೀಚರಮ್ಮ ನಾಯಿಗೆ ಚೌರ ಮಾಡ್ಸವ್ಳೆ ಕಣ್ಲಾ!" ಆ ನಗು ವರ್ಷಗಟ್ಟಲೆ ನನ್ನ ಬೆನ್ನ ಹಿಂದೆ ಬಂತು. ಬರಲಿ. ದೊಣ್ಣೆಗಿಂತ ನಗು ವಾಸಿ.

ಹತ್ತು ದಿನ ಸಿಕ್ಕಿತು. ಆದರೆ ಸುಮ್ಮನೆ ಅಲ್ಲ. "ನೀವೇ ಜೀವ ಅದೆ ಜೀವ ಅದೆ ಅಂತ ಸುಳ್ಳು ಹೇಳುದ್ರೆ?" ಎಂದರು ಗೌಡರು. ಚಿಕ್ಕತಾಯಮ್ಮ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ಕಂಡದ್ದನ್ನು ಕಂಡ ಹಾಗೆ ಬರೆದು ಬಾಗಿಲಿಗೆ ತೂಗುಹಾಕಬೇಕು, ಬೀದಿಯವರು ಯಾರು ಬೇಕಾದರೂ ಓದಿಕೊಳ್ಳಲಿ ಎಂದರು. ಬರೆದೆ. ಮೊದಲ ದಿನ: ನೀರು ಎರಡು ಗುಟುಕು, ಅನ್ನ ಇಲ್ಲ. ಎರಡನೆಯ ದಿನ: ನೀರು ಅರ್ಧ ಬೋಗುಣಿ. ಮೂರನೆಯ ದಿನ: ಮೊಸರನ್ನ ನಾಲ್ಕು ತುತ್ತು. ನಾಲ್ಕನೆಯ ದಿನ: ಏನೂ ಇಲ್ಲ, ಎದ್ದಿಲ್ಲ, ಮೈ ಸುಡುತ್ತಿದೆ. ಅದನ್ನು ಬರೆಯುವಾಗ ಪೆನ್ನು ನಿಂತಿತು. ಚಿಕ್ಕತಾಯಮ್ಮ ಹಿಂದಿನಿಂದ ಇಣುಕಿ, "ಅದನ್ನೂ ಬರಿ" ಎಂದರು.

ಅವರ ಆರೈಕೆ ನೋಡಬೇಕಿತ್ತು. ಲೋಳೆಸರ ಸೀಳಿ ಬೊಬ್ಬೆಗೆ ತಣ್ಣಗೆ ಇಡುವುದು, ಒಣಗಿದ ಕಡೆ ಕೊಬ್ಬರಿ ಎಣ್ಣೆ, ಗಂಟೆಗೊಮ್ಮೆ ಬಟ್ಟೆ ಅದ್ದಿ ಬಾಯಿಗೆ ನೀರು. ತಮ್ಮ ಮದುವೆಯ ಕಾಲದ, ಮಲ್ಲು ಎಂಬ ನವಿರು ಹತ್ತಿಯ ಸೀರೆಯೊಂದನ್ನು ಕತ್ತರಿಸಿ ಅರಳೆಗೆ ಒಂದು ಅಂಗಿ ಹೊಲಿದರು. ನಾಲ್ಕು ತೋಳು, ಹೊಟ್ಟೆಯ ಕೆಳಗೆ ಕಟ್ಟುವ ಲಾಡಿ. ಒಂದು ಹೊಲಿಗೆಯೂ ಚರ್ಮಕ್ಕೆ ತಾಗದ ಹಾಗೆ ಅಂಚನ್ನೆಲ್ಲ ಹೊರಮುಖ ಮಾಡಿದ್ದರು. ನನಗೆ ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು.

ಇತ್ತ ಮರೀಗೌಡರು ದಿನಾ ಆಸ್ಪತ್ರೆಯಿಂದ ಹೊಟ್ಟೆ ಹಿಡಿದುಕೊಂಡು ನೇರ ನಮ್ಮ ಬಾಗಿಲಿಗೆ ಬರುತ್ತಿದ್ದರು. ನೋಟ್‌ಬುಕ್ ಓದಿ, "ಅಲ್ಲಾಡ್ತದಾ?" ಎನ್ನುತ್ತಿದ್ದರು. ನಾಲ್ಕನೆಯ ದಿನದ ಬರಹ ಓದಿ ಜಗಲಿಯಲ್ಲೇ ಕೂತುಬಿಟ್ಟರು. "ಇದು ಸತ್ರೆ ನಾನೂ ಸತ್ತಂಗೇ ಅಲ್ವಾ ಚಿಕ್ತಾಯಮ್ಮ?" ಎಂದರು. ಐದನೆಯ ದಿನ ಅವರ ಮನೆಯಿಂದ ಒಂದು ಚೊಂಬು ಹಾಲು ಬಂತು. ಆರನೆಯ ದಿನ ಹಾಲೂ ಮೊಟ್ಟೆಯೂ. ಎಂಟನೆಯ ದಿನ ಬಾಗಿಲ ಸಂದಿಯಿಂದ ಅರಳೆಗೆ ಅವರು ಬೇಡುತ್ತಿದ್ದುದನ್ನು ನಾನು ನನ್ನ ಕಿವಿಯಾರೆ ಕೇಳಿದೆ: "ತಿನ್ನಪ್ಪ, ನಮ್ಮಪ್ಪ ಅಲ್ವಾ, ಒಂದ್ ತುತ್ತು ತಿನ್ನು." ದೊಣ್ಣೆ ತರಿಸಿದ ಬೀದಿ ಅದೇ, ಜನ ಅವರೇ. ಇದನ್ನೂ ಕಂಡ ಹಾಗೆ ಬರೆದಿದ್ದೇನೆ.

ಹತ್ತು ದಿನ ತುಂಬಿದ ಮಾರನೆಯ ಬೆಳಿಗ್ಗೆ ಗೌಡರು ಮೆಟ್ಟಿಲು ಹತ್ತುತ್ತಿದ್ದ ಹಾಗೆ, ಮಲ್ಲಿನ ಅಂಗಿ ತೊಟ್ಟ ಅರಳೆ ಒಳಗಿನಿಂದ ಬೊಗಳಿತು. ದನಿ ಒಡೆದಿತ್ತು, ಆದರೆ ಬೊಗಳೇ. "ಬೊಗುಳ್ಲಾ, ಬೊಗುಳು! ಇನ್ನೊಂದ್ಸಲ ಬೊಗುಳು!" ಎಂದು ಗೌಡರು ಜಗಲಿಯಲ್ಲಿ ಕೂತು ಕಣ್ಣೊರೆಸಿಕೊಂಡರು. ಸೂಜಿ ನಿಂತಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕೂದಲು ಹಳೆಯ ಹಾಗೆ ಬೆಳೆಯಲಿಲ್ಲ. ಒಳಗಿನ ಅಸ್ತರು ಬಂತು, ಮೇಲಿನ ಉದ್ದದ ಕೂದಲು ಅಲ್ಲಲ್ಲಿ ಮಾತ್ರ. ಬೆನ್ನ ನಡುವೆ ಅಂಗೈಯಗಲದ ಜಾಗ ಕೊನೆಯವರೆಗೂ ಬೋಳಾಗಿಯೇ ಉಳಿಯಿತು. ಚಿಕ್ಕತಾಯಮ್ಮ ಒಂದು ಬೆಳಿಗ್ಗೆ ಈ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು "ಬಾಚು" ಎಂದರು. ಅಷ್ಟೇ. ಮದುವೆಯಾಗಿ ಆ ಮನೆ ಬಿಡುವವರೆಗೆ ನಾಲ್ಕು ವರ್ಷ ದಿನಾ ಬಾಚಿದೆ. ಅರಳೆ ಬಾಚಿಸಿಕೊಳ್ಳುತ್ತಿತ್ತು. ಆದರೆ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡು. ನನ್ನ ಮಡಿಲಿಗೆ ಮತ್ತೆ ಬರಲಿಲ್ಲ. ನಾಯಿ ಎಲ್ಲವನ್ನೂ ಕ್ಷಮಿಸುತ್ತದೆ ಎಂದು ಹೇಳುವವರು ಅರಳೆಯನ್ನು ಕಂಡಿಲ್ಲ. ಅದಕ್ಕೆ ಅದರ ಮರ್ಯಾದೆ ಇತ್ತು. ನಾನು ಅದನ್ನು ಒಪ್ಪುತ್ತೇನೆ. ಮನೆ ಬಿಡುವಾಗ ಚಿಕ್ಕತಾಯಮ್ಮ ಬಾಚಣಿಗೆಯನ್ನು ನನ್ನ ಟ್ರಂಕಿನಲ್ಲಿಟ್ಟರು. "ಬೇಕಾಗ್ತದೆ" ಎಂದರು.

ಈ ಬೆಳಿಗ್ಗೆ ಒಂಬತ್ತೂವರೆಗೆ ಎದುರುಮನೆಯ ಮುಂದೆ ಸ್ಕೂಟರು ನಿಂತಿತು. ನಾನು ಬಾಚಣಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿ ದಾಟಿದೆ. ಹಿಂದಿನಿಂದ ಮಗ, "ಅಮ್ಮ, ಅವರ ನಾಯಿ, ಅವರಿಷ್ಟ, ನಿನಗ್ಯಾಕೆ?" ಎಂದ. ಮೆಷಿನ್ನು ಆಗಲೇ ಗುಂಯ್ ಎನ್ನುತ್ತಿತ್ತು. ಮುತ್ತು ಮೇಜಿನ ಮೇಲೆ ನಿಂತು ಕಾವ್ಯಳ ಮುಖವನ್ನೇ ನೋಡುತ್ತಿತ್ತು. ಆ ನೋಟ ನನಗೆ ಗೊತ್ತು.

"ನಿಲ್ಲಿಸಪ್ಪ, ಬೋಳಿಸಿದರೆ ಬಿಸಿಲಿಗೆ ಮೈ ಸುಟ್ಟುಹೋಗುತ್ತೆ" ಎಂದೆ. ಒಂದೇ ಸಲಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ.

ಅವನು ಮೆಷಿನ್ ಆರಿಸಿದ. "ಎಲ್ರೂ ಮಾಡಿಸ್ತಾರೆ ಅಜ್ಜಿ. ಸೆಕೆಗೆ ಒಳ್ಳೇದು. ನಿಮಗೆ ಹೇಗೆ ಗೊತ್ತು? ನೀವೇನು ಡಾಕ್ಟ್ರಾ?"

"ಅಲ್ಲ. ಒಂದು ಸಲ ಕತ್ತರಿ ಹಾಕಿಸಿದವಳು."

ಕಾವ್ಯ ನನ್ನನ್ನು ನೋಡಿದಳು, ಬಾಚಣಿಗೆಯನ್ನು ನೋಡಿದಳು, ಮುತ್ತುವನ್ನು ಎತ್ತಿ ಕೆಳಗಿಳಿಸಿದಳು. ಮಂಡಿ ನೋವಿದ್ದರೂ ಅವರ ಮೆಟ್ಟಿಲ ಮೇಲೆ ಕೂತೆ. ಕೂದಲನ್ನು ಬೈತಲೆ ತೆಗೆದು, ಮೇಲಿನದು ಉದ್ದ, ಒಳಗಿನದು ಅಸ್ತರು ಎಂದು ಅವಳಿಗೆ ತೋರಿಸಿದೆ. ಆಮೇಲೆ ಬಾಚತೊಡಗಿದೆ. ಮೊದಲು ಅಗಲ ಹಲ್ಲು, ಕೂದಲಿಗೆ ಎದುರಾಗಿ.